ಶಾರ್ಕಿಗೆ ಸುಣ್ಣ ಕಟ್ಟಿದಾಗ

ಮೀನುಮನೆಯ ಹಿಂಬಾಗಿಲಿಗೆ ಯಾರೇ ಬಂದರೂ ಸರಸಮ್ಮ ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಆಮೇಲೆ ಕೈ. ಮುಖದ ಸರದಿ ಕೊನೆಗೆ. ಬಾಗಿಲಿಗೆ ಅಡ್ಡಲಾಗಿ ಒಂದು ಪ್ಲಾಸ್ಟಿಕ್ ಟ್ರೇ ಇದೆ. ಅದರ ತುಂಬ ಮೂಗಿಗೆ ಅಡರುವ ಬ್ಲೀಚಿಂಗ್ ನೀರು. ಅದರಲ್ಲಿ ಕಾಲು ಅದ್ದದವರು ಮಾಲೀಕರೇ ಆಗಿರಲಿ, ಒಳಗೆ ಬರುವಂತಿಲ್ಲ.

“ಅದ್ರಾಗೆ ನಿಂತ್ಕಳಿ. ದಾಟ್ಕಂಡು ಬರಬ್ಯಾಡಿ, ಪಾದ ಪೂರ್ತಿ ಮುಳುಗ್ಲಿ. ಮನೇಲಿ ಮೀನ್ ಸಾಕಿದ್ದೀರಾ? ನಿಜ ಯೋಳಿ. ಇಲ್ವಾ? ಪಕ್ಕದ ಮನೇಲಿ?”

ಪತ್ರಿಕೆಗೆ ಬರೆಯಲು ಬಂದವರಿಗೂ ಬಿಡುಗಡೆಯಿಲ್ಲ. ಪೊಲೀಸು ಠಾಣೆಯಲ್ಲೂ ಇಷ್ಟು ವಿಚಾರಣೆ ಇರಲಿಕ್ಕಿಲ್ಲ. ಇನ್ನೂ ನಸುಕು. ಹೆದ್ದಾರಿಯಾಚೆ ಬಂಡೆಗಳ ನೆತ್ತಿಗೆ ಬಿಸಿಲು ಬಿದ್ದಿಲ್ಲ. ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೋಗುವಾಗ ಸಿಗುವ ಒಂದು ಹೋಟೆಲಿಗೆ ಅಂಟಿಕೊಂಡಂತೆ ಈ ಮೀನುಮನೆ ಇದೆ. ಮೈಸೂರಿಗೆ ಹೊರಟವರು ಇಲ್ಲಿ ತಿಂಡಿ ತಿಂದು, ಮಕ್ಕಳ ಕಾಟ ತಡೆಯಲಾರದೆ ಟಿಕೆಟು ತೆಗೆದು ಒಳಗೆ ಬರುತ್ತಾರೆ. ಅವರು ಬರುವುದಕ್ಕೆ ಮುಂಚೆ ಗಾಜು ಒರೆಸಿ, ಸೋಸುವ ಯಂತ್ರದ ಕೊಳೆ ತೆಗೆದು, ಕಡಲ ಮೀನಿನ ತೊಟ್ಟಿಗೆ ಉಪ್ಪು ಬೆರೆಸಿ, ಸತ್ತ ಮೀನಿದ್ದರೆ ಎತ್ತಿ, ಬದುಕಿರುವುದಕ್ಕೆ ಸೀಗಡಿ ಹೆಚ್ಚಿಡುವುದು ಸರಸಮ್ಮನ ಕೆಲಸ. ಮೀನಿನ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುವವರಲ್ಲಿ ಒಬ್ಬರೂ ಅವರ ಹೆಸರು ಕೇಳಿದವರಲ್ಲ. ಇಲ್ಲಿಗೆ ಶಾರ್ಕ್ ಬಂದ ದಿನ ಪತ್ರಿಕೆಯವರು ಓಡಿ ಬಂದಿದ್ದರು. ಸತ್ತ ದಿನ ಯಾರೂ ಬರಲಿಲ್ಲ.

ಹೌದು, ಒಂದು ಸತ್ತಿದೆ. ಇನ್ನೊಂದು ಈಗ ಹಿಂದಿನ ಕೋಣೆಯ ನೀಲಿ ತೊಟ್ಟಿಯಲ್ಲಿ ಒಂಟಿಯಾಗಿ ಮಲಗಿದೆ. ಸಿನಿಮಾದಲ್ಲಿ ದೋಣಿ ಮುರಿಯುವ ಶಾರ್ಕ್ ಅಲ್ಲ ಇದು. ತೋಳುದ್ದದ ಪ್ರಾಣಿ, ಮೈಮೇಲೆ ಬಿದಿರು ಗಣ್ಣಿನಂಥ ಪಟ್ಟೆ, ಹಗಲೆಲ್ಲ ತಳದಲ್ಲಿ ಬಿದ್ದುಕೊಂಡಿರುವ ಸೋಮಾರಿ ಜಾತಿ. ಬಿದಿರು ಶಾರ್ಕ್ ಎಂದೇ ಹೆಸರು. ಸರಸಮ್ಮ ಟಾರ್ಚಿನ ಬೆಳಕಿಗೆ ಬೆರಳು ಅಡ್ಡ ಹಿಡಿದು, ಬೆರಳ ಸಂದಿಯಿಂದ ಸೋರಿದಷ್ಟೇ ಬೆಳಕಿನಲ್ಲಿ ಅದರ ಮೂತಿ ನೋಡುತ್ತಾರೆ. ಮೂತಿಯ ಮೇಲೆ ಹುಣ್ಣು. ಹುಣ್ಣಿನ ಅಂಚಿಗೆ ಹತ್ತಿ ಎಳೆಯಂಥ ಬಿಳುಪು ಮತ್ತೆ ಹುಟ್ಟಿದೆಯೋ ಇಲ್ಲವೋ ಎನ್ನುವುದೇ ಅವರ ಚಿಂತೆ.

“ಇವತ್ತು ಇಲ್ಲ,” ಎನ್ನುತ್ತಾರೆ. ಆಮೇಲೆ ಅವರಿಗೇ ಅವರ ಮಾತಿನ ಮೇಲೆ ನಂಬಿಕೆ ಬರುವುದಿಲ್ಲ. ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ನೋಡುತ್ತಾರೆ.

ಈ ನೀಲಿ ತೊಟ್ಟಿಗೆ ತುಂಬಿರುವುದು ಊರಿಗೆಲ್ಲ ನೀರು ಮಾರುವ ಗಫಾರ್ ಅವರ ಟ್ಯಾಂಕರ್ ನೀರು. ಇದೇ ನೀರಿನಲ್ಲಿ ಶಾರ್ಕ್ ಬದುಕಿಕೊಂಡರೆ ನೀರು ಕೆಟ್ಟದ್ದೆಂದು ಗಫಾರ್ ತಲೆಯ ಮೇಲೆ ಬಿದ್ದಿರುವ ಅಪವಾದ ಇಳಿಯುತ್ತದೆ. ಸತ್ತರೆ ಅದು ಅವರು ಇರುವವರೆಗೂ ಇಳಿಯುವುದಿಲ್ಲ. ಆ ಅಪವಾದ ಹುಟ್ಟಿದ್ದು ಸರಸಮ್ಮನ ಬಾಯಿಂದ, ಅವರು ಆಡಿದ ಒಂದೇ ಒಂದು ಮಾತಿನಿಂದ. ಶಾರ್ಕ್ ಬಹಳ ದಿನದಿಂದ ತಾನಾಗಿ ಏನನ್ನೂ ತಿಂದಿಲ್ಲ.

ಸರಸಮ್ಮ ವಿರೂಪಾಕ್ಷಿಪುರದ ಕಡೆಯವರು. ಮದುವೆಯಾಗಿ ಬಂದ ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳದ ಮನೆಯಿತ್ತು. ಅವರ ಅನುಮಾನದ ಗುಣ ಬೆಳೆದದ್ದು ಅಲ್ಲೇ. ರೇಷ್ಮೆ ಸಾಕುವವರ ಮನೆಯಲ್ಲಿ ಹುಳದ ಕೋಣೆಗೆ ನೆಂಟರನ್ನು ಬಿಡುವುದಿಲ್ಲ. ಎಣ್ಣೆ ಹಚ್ಚಿಕೊಂಡವರನ್ನು ಬಿಡುವುದಿಲ್ಲ, ಬೀಡಿ ಸೇದಿ ಬಂದವರನ್ನು ಬಿಡುವುದಿಲ್ಲ, ಇನ್ನೊಬ್ಬರ ಹುಳದ ಮನೆಗೆ ಹೋಗಿ ಬಂದವರನ್ನಂತೂ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ಹುಳಕ್ಕೆ ರೋಗ ಬಂದರೆ ಯಾರ ಕಾಲಿನಲ್ಲಿ ಬಂತು ಎಂಬುದೇ ಮೊದಲ ಪ್ರಶ್ನೆ.

“ನಮ್ ಅತ್ತೆ ನನ್ ತವರಿನೋರ್ನೇ ಬಾಗ್ಲಲ್ಲಿ ನಿಲ್ಸವ್ರೆ. ಆಗ ಸಿಟ್ಟು ಬತ್ತಿತ್ತು. ಅತ್ತೆ ತೀರ್ಕಂಡ್ಮೇಲೆ ನಾನು ಅವ್ರ ತವರಿನೋರ್ನ ನಿಲ್ಸಿದೆ,” ಎಂದು ಸರಸಮ್ಮ ನಗುತ್ತಾರೆ. ಇಡೀ ಬೆಳಗಿನಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಇಷ್ಟು ಕಾವಲು ಕಾದರೂ ಹುಳ ಉಳಿಯಲಿಲ್ಲ. ಸುತ್ತ ಮಾವಿನ ತೋಟಗಳು ಎದ್ದವು. ಹೂ ಬಿಡುವ ಕಾಲಕ್ಕೆ ಮಾವಿಗೆ ಔಷಧಿ ಹೊಡೆಯುತ್ತಾರೆ. ಗಾಳಿ ಆ ಔಷಧಿಯನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ತಂದು ಕೂರಿಸುತ್ತದೆ. ಸೊಪ್ಪು ತಿಂದ ಹುಳ ಒದ್ದಾಡಿ ಸಾಯುತ್ತದೆ. ಕಾಲು ತೊಳೆದು ಬಾ ಎಂದು ಗಾಳಿಗೆ ಹೇಳುವುದು ಹೇಗೆ? ಪಕ್ಕದ ತೋಟದವರ ಜತೆ ಜಗಳವಾಡಿದರು, ಪಂಚಾಯ್ತಿ ಸೇರಿಸಿದರು, ಏನೂ ಗಿಟ್ಟಲಿಲ್ಲ. ಕಡೆಗೆ ಹುಳದ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ ಸರಸಮ್ಮ ಹೆದ್ದಾರಿಯ ಕೆಲಸ ಹಿಡಿದರು. ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದವರನ್ನು ಮೀನುಮನೆಗೆ ಕಳಿಸಿದರು. ಮೀನು ಮುಟ್ಟಲು ಬೇರೆ ಹೆಂಗಸರು ಅಸಹ್ಯಪಟ್ಟಿದ್ದರು. “ಉಳ ಮುಟ್ಟಿದ್ ಕೈಗೆ ಮೀನೇನು?” ಎಂದರಂತೆ ಇವರು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಎರಡು ಶಾರ್ಕುಗಳಲ್ಲಿ ಒಂದರ ಮೂತಿಯ ಮೇಲೆ ಬಿಳುಪು ಕಂಡಿತು. ಮೊದಲು ಸವೆದ ಗಾಯದಂತಿದ್ದದ್ದು, ಮಾರನೆಯ ದಿನ ನೋಡಿದರೆ ನವಿರು ಎದ್ದಿತ್ತು. ಸರಸಮ್ಮ ಗಾಜಿಗೆ ಮುಖ ಹತ್ತಿಸಿ ನೋಡಿದರು. ಇಂಥ ಬಿಳುಪನ್ನು ಅವರು ಜನ್ಮವೆಲ್ಲ ನೋಡಿದ್ದಾರೆ. ರೇಷ್ಮೆ ಹುಳಕ್ಕೆ ಬೂಷ್ಟು ತಗುಲಿದರೆ ಹುಳ ಸತ್ತು ಸೀಮೆಸುಣ್ಣದ ಕಡ್ಡಿಯಂತೆ ಬಿಳುಚಿ ಸೆಟೆದುಕೊಳ್ಳುತ್ತದೆ. ಆ ರೋಗಕ್ಕೆ ಈ ಸೀಮೆಯಲ್ಲಿ ಸುಣ್ಣಕಟ್ಟು ಎಂದೇ ಹೆಸರು. ಸರಸಮ್ಮ ಮ್ಯಾನೇಜರ್ ಲೋಕೇಶ್ ಅವರಿಗೆ ಫೋನು ಮಾಡಿದರು.

“ಸಾ, ಶಾರ್ಕಿಗೆ ಸುಣ್ಣ ಕಟ್ಟೈತೆ. ಬಿರ್‍ನೆ ಬನ್ನಿ.”

ಲೋಕೇಶ್ ಬೆಂಗಳೂರಿನಲ್ಲಿ ಬೆಳೆದವರು. ಅವರ ಮನೆಯ ಗೀಜರಿಗೂ ನಲ್ಲಿಗೂ ಸುಣ್ಣ ಕಟ್ಟುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕಂಡವರಿಗೆಲ್ಲ ಸುಣ್ಣ ಕಟ್ಟುವುದೆಂದರೆ ಅದೇ. ನೀರು ಸರಿಯಿಲ್ಲ ಎಂದು ಅವರು ತಿಳಿದರು. ಆಗ ಮೀನುಮನೆಗೆ ಬೋರಿನ ನೀರು ಸಾಲದೆ ಗಫಾರ್ ಟ್ಯಾಂಕರ್ ಬರುತ್ತಿತ್ತು. ಲೋಕೇಶ್ ಆ ಕ್ಷಣವೇ ಗಫಾರ್‌ಗೆ ಫೋನು ಮಾಡಿ, ನಿನ್ನ ನೀರಿನಲ್ಲಿ ಸುಣ್ಣವಿದೆ, ಇನ್ನು ತರಬೇಡ ಎಂದರು. ಹೋಟೆಲಿನವರಿಗೂ ಹೇಳಿದರು. ಆಮೇಲೆ ನೆಮ್ಮದಿಯಿಂದ ತಮ್ಮ ಕೆಲಸ ನೋಡಿಕೊಂಡರು. ಮೀನನ್ನು ಬಂದು ನೋಡಲಿಲ್ಲ. ಯಾಕೆ ನೋಡಬೇಕು? ಕಳ್ಳ ಸಿಕ್ಕಿಬಿದ್ದಿದ್ದನಲ್ಲ!

ಸಂಜೆಗೆ ಗಫಾರ್ ಲುಂಗಿ ಎತ್ತಿ ಕಟ್ಟಿಕೊಂಡು ಹಿಂಬಾಗಿಲಿಗೆ ಬಂದರು.

“ಏನಕ್ಕಾ, ಗಫಾರ್ ನೀರ್ನಾಗೆ ಸುಣ್ಣ ಐತೆ ಅಂದ್ಯಂತೆ? ನಾನೇನ್ ಗೋಡೆಗೆ ಬಳಿಯಾಕೆ ನೀರು ತತ್ತೀನಾ?”

“ನಾನ್ಯಾವಾಗ್ಲಾ ಅಂದೆ?”

“ಮ್ಯಾನೇಜರ್ ಅಂದವ್ನೆ, ನಿನ್ ಎಸ್ರು ಯೋಳಿ ಅಂದವ್ನೆ. ಹೋಟ್ಲೋನು ಬ್ಯಾಡ ಅಂದ. ಕಲ್ಯಾಣ ಮಂಟಪದೋನೂ ಬ್ಯಾಡ ಅಂದ. ಗಫಾರ್ ನೀರು ಕುಡುದ್ರೆ ಶಾರ್ಕೇ ಮಲೀಕ್ಕತದಂತೆ, ಮದ್ವೆ ಗಂಡು ಎದ್ದಾನಾ ಅಂತ ನಗ್ತಾವ್ರೆ.”

ಅಲ್ಲಿಯೇ ಎಲ್ಲ ಸರಿಮಾಡಿಬಿಡಬಹುದಿತ್ತು. ನಾನು ಅಂದದ್ದು ಹುಳದ ರೋಗ, ನೀರಿನ ಸುಣ್ಣವಲ್ಲ ಎಂದು ಗಫಾರ್‌ಗೂ ಮ್ಯಾನೇಜರಿಗೂ ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸರಸಮ್ಮ ಬೇರೆಯೇ ಪ್ರಶ್ನೆ ಕೇಳಿದರು.

“ಟ್ಯಾಂಕು ಯಾವಾಗ್ ತೊಳ್ದೆ?”

ಗಫಾರ್ ಲುಂಗಿ ಇಳಿಬಿಟ್ಟು ತಿರುಗಿ ಹೊರಟುಹೋದರು.

“ಒಳಗೊಳಗೆ ನಂಗೂ ಅವ್ನ ಮೇಲೆ ಒಸಿ ಅನುಮಾನ ಇತ್ತು,” ಎಂದು ಸರಸಮ್ಮ ಈಗ ಹೇಳುತ್ತಾರೆ. “ಯಾರ ಮೇಲಿರ್ನಿಲ್ಲ ಯೋಳಿ? ಗಾಜು ಬಡಿಯೋ ಮಕ್ಳ ಮೇಲಿತ್ತು. ಮೀನ್ ತಂದ್ಕೊಟ್ಟೋನ್ ಮೇಲಿತ್ತು. ಮ್ಯಾನೇಜರ್ ಸಾ ಮೇಲೂ ಇತ್ತು. ಅದ್ಕೇ ಬಾಯ್ ಮುಚ್ಕಂಡು ನೋಡಾನ ಅಂತ ನಿಂತ್ಕಂಡೆ.”

ನೋಡುತ್ತ ನಿಂತಿದ್ದಾಗಲೇ ಶಾರ್ಕ್ ಸತ್ತಿತು. ಬೂಷ್ಟು ಮೂತಿ ತಿಂದು ತಲೆಯೊಳಕ್ಕೆ ಇಳಿದಿತ್ತು. ಇನ್ನೊಂದರ ಮೂತಿಯ ಮೇಲೂ ಅದೇ ಬಿಳುಪು ಕಾಣಿಸಿತು. ಟ್ಯಾಂಕರ್ ನೀರು ನಿಲ್ಲಿಸಿದ ಮೇಲೂ ರೋಗ ನಿಲ್ಲದಿದ್ದಾಗ ಲೋಕೇಶ್ ಹೊಸ ಕಳ್ಳನನ್ನು ಹುಡುಕತೊಡಗಿದರು. ಸರಸಮ್ಮ ಸೊಂಟದ ಚೀಲದಿಂದ ಎಲೆಅಡಿಕೆ ತೆಗೆಯುವುದು ಅವರ ಕಣ್ಣಿಗೆ ಬಿತ್ತು. ಜತೆಗೆ ಒಂದು ಪುಟ್ಟ ಡಬ್ಬಿ.

“ಏನದು?”

“ಸುಣ್ಣ ಸಾ.”

“ಮೀನಿಗೆ ಸುಣ್ಣ ಕಟ್ಟಿದೆ ಅಂದವರು ನೀವು. ಸುಣ್ಣ ಸೊಂಟದಲ್ಲಿಟ್ಟುಕೊಂಡು ತೊಟ್ಟಿ ಸುತ್ತೋರೂ ನೀವೇ!”

“ಎಲೆಗೆ ಹಚ್ಚೋದು ಸಾ ಅದು. ತಿಂದು ನೋಡಿ, ಬಾಯ್ ಕೆಂಪಾಗ್ತದೆ.”

ಲೋಕೇಶ್ ನಗಲಿಲ್ಲ. ಡಾಕ್ಟರ್ ಬಂದು ನೋಡುವವರೆಗೂ ತೊಟ್ಟಿಯ ಹತ್ತಿರ ಸುಳಿಯಬೇಡಿ ಎಂದರು. ತಮ್ಮ ಮಾತು ಗಫಾರ್‌ಗೆ ಏನು ಮಾಡಿತ್ತೆಂದು ಸರಸಮ್ಮನಿಗೆ ಅರ್ಥವಾದದ್ದು ಅವತ್ತು, ತಮ್ಮ ಮೇಲೇ ಅದು ಬಂದು ಬಿದ್ದಾಗ. ಮೈಮೇಲೆ ಬೀಳುವವರೆಗೆ ನಮ್ಮಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಅದು ಬೇರೆ ಮಾತು.

ಡಾಕ್ಟರ್ ಅಸ್ರಾ ರಾಮನಗರದವರೇ. ದನದ ಡಾಕ್ಟರಿಕೆ ಓದಿ, ಆಮೇಲೆ ಮೀನಿನ ರೋಗದ ಕಡೆಗೆ ತಿರುಗಿದವರು. ಅವರು ಶಾರ್ಕನ್ನು ಒದ್ದೆ ಬಟ್ಟೆಯ ಜೋಲಿಯಲ್ಲಿ ಎತ್ತಿಸಿ, ಬಿಳುಪಿನ ಒಂದು ಎಳೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ ಸರಸಮ್ಮನನ್ನು ಕರೆದರು.

“ಅಮ್ಮಾ, ಇದಕ್ಕೆ ನೀವು ಏನಂದ್ರಿ?”

“ಸುಣ್ಣಕಟ್ಟು ಅಂದೆ ಡಾಕ್ಟ್ರಮ್ಮ. ತಪ್ಪಾಯ್ತು.”

ಅಸ್ರಾ ನಕ್ಕುಬಿಟ್ಟರು. ಅವರ ಅಜ್ಜನ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಅಜ್ಜ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರಂತೆ. ಒಳಗಿನ ಹುಳ ಒಣಗಿ ಗಿಲಕಿಯಂತೆ ಸದ್ದು ಮಾಡಿದರೆ ‘ಸುಣ್ಣಕಟ್ಟು’ ಎಂದು ಕೆಳಗಿಟ್ಟು ಮುಂದೆ ಹೋಗುತ್ತಿದ್ದರಂತೆ.

“ಸಾರ್, ಇವರು ಹೇಳಿದ್ದು ಸುಣ್ಣ ಅಲ್ಲ. ಬೂಷ್ಟು,” ಎಂದರು ಅಸ್ರಾ.

ಲೋಕೇಶ್ ಮುಖ ಸಪ್ಪಗಾಯಿತು. “ಹಾಗಾದ್ರೆ ಬೂಷ್ಟು ಅಂತಲೇ ಹೇಳಬಾರದಿತ್ತಾ?”

“ಬೂಷ್ಟು ಅನ್ನಾದು ಉಪ್ಪಿನಕಾಯಿಗೆ ಸಾ,” ಎಂದರು ಸರಸಮ್ಮ. “ಜೀವ ಇರೋದ್ಕೆ ಬಂದ್ರೆ ಸುಣ್ಣಕಟ್ಟು.”

ಲೋಕೇಶ್ ಅವರನ್ನು ಇಲ್ಲಿ ಕೇಡಿಗನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಅವರಿಗೆ ಕೆಟ್ಟ ಬುದ್ಧಿಯಿರಲಿಲ್ಲ, ಎದ್ದು ಬಂದು ನೋಡುವ ಪುರಸೊತ್ತಿರಲಿಲ್ಲ ಅಷ್ಟೆ. ಮೀನು ಸಾಯಲು ಅಷ್ಟು ಸಾಕು. ಸರಸಮ್ಮನ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ. ಯಾರದೋ ಹುಳದ ಮನೆಯಿಂದ ರೋಗ ಇಲ್ಲಿಗೆ ಹಾರಿ ಬಂದಿದೆ ಎಂದು ಅವರು ನಂಬಿದ್ದರು. ಅಸ್ರಾ ಅದನ್ನು ಒಪ್ಪಲಿಲ್ಲ. ಹುಳದ ಬೂಷ್ಟು ಬೇರೆ, ಇದು ಬೇರೆ. ಇದರ ಬೀಜ ಯಾವ ನೀರಿನಲ್ಲೂ ಇರುತ್ತದೆ, ಎಷ್ಟೇ ಬ್ಲೀಚಿಂಗಿನಲ್ಲಿ ಕಾಲು ಅದ್ದಿದರೂ ಇರುತ್ತದೆ. ಚರ್ಮ ಗಟ್ಟಿಯಿದ್ದರೆ ಏನೂ ಮಾಡದು. ತೊಟ್ಟಿಯ ನೀರು ತಂಪಾಗಿದ್ದಷ್ಟೂ ಒಳ್ಳೆಯದೆಂದು ಮೀನುಮನೆಯವರು ತಂಪು ಮಾಡುವ ಯಂತ್ರದಲ್ಲಿ ಉಷ್ಣತೆಯನ್ನು ತೀರ ಕೆಳಗಿಳಿಸಿದ್ದರು. ಬೆಚ್ಚಗಿನ ಕಡಲಿನ ಪ್ರಾಣಿ ಆ ಚಳಿಗೆ ಕುಗ್ಗಿತ್ತು. ಅದರ ಮೇಲೆ ಗಾಯ ಬೇರೆ.

“ಗಾಯ ಮೊದಲು, ಬೂಷ್ಟು ಆಮೇಲೆ. ಎರಡು ಶಾರ್ಕಿಗೂ ಒಂದೇ ಜಾಗದಲ್ಲಿ ಗಾಯ ಆಗಿದೆ ಅಂದ್ರೆ ತೊಟ್ಟೀಲೇ ಏನೋ ಇದೆ. ಹುಡುಕಿ,” ಎಂದರು ಅಸ್ರಾ.

ಶಾರ್ಕನ್ನು ಹಿಂದಿನ ಕೋಣೆಗೆ ಸಾಗಿಸಿ ದೊಡ್ಡ ತೊಟ್ಟಿಯ ನೀರು ಬಸಿದರು. ಸರಸಮ್ಮ ಒಳಗಿಳಿದರು. ಗಾಜು ಸವರಿದರು, ಕೊಳವೆಯ ಬಾಯಿ ಸವರಿದರು. ಎಲ್ಲಿಯೂ ಏನೂ ಸಿಗಲಿಲ್ಲ. ಮೂಲೆಯಲ್ಲಿ ಒಂದು ಸಿಮೆಂಟಿನ ಗವಿಯಿತ್ತು. ಹಗಲು ಹೊತ್ತು ಬೆಳಕಿಗೂ ಜನಕ್ಕೂ ಹೆದರಿ ಶಾರ್ಕುಗಳು ಅದರೊಳಗೆ ಮೂತಿ ತೂರಿಸಿಕೊಂಡು ಮಲಗುತ್ತಿದ್ದವು. ಸರಸಮ್ಮ ಅದರೊಳಗೆ ಕೈ ಹಾಕಿ ತೆಗೆದರು. ಅಂಗೈ ತರಚಿ ರಕ್ತ ಜಿನುಗುತ್ತಿತ್ತು.

ಆ ಗವಿ ಬೇಕೆಂದು ಮ್ಯಾನೇಜರನ್ನು ಕಾಡಿಬೇಡಿ ಕಟ್ಟಿಸಿದವರು ಸರಸಮ್ಮನೇ. ಅಷ್ಟು ಜನ ನೋಡುವಾಗ ಪಾಪ, ಬಚ್ಚಿಟ್ಟುಕೊಳ್ಳಲು ಒಂದು ಮರೆ ಬೇಡವೇ ಎಂದು ಅವರ ಕರುಳು ಚುರುಕ್ ಎಂದಿತ್ತು. ಗಾರೆ ಕೆಲಸಕ್ಕೆ ತಮ್ಮೂರಿನವನನ್ನೇ ಕರೆತಂದಿದ್ದರು. ಸಿಮೆಂಟಿನ ಕ್ಷಾರ ಹೋಗಲೆಂದು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿಸಿದ್ದರು. ಆದರೆ ಗಾರೆಯವನು ಎಲ್ಲ ಗಾರೆಯವರಂತೆಯೇ ಮಾಡಿದ್ದ. ಕಾಣುವ ಕಡೆ ಕರಣೆ ಆಡಿಸಿ ಬೆಣ್ಣೆಯಂತೆ ನುಣುಪು ಮಾಡಿದ್ದ. ಕಾಣದ ಕಡೆ ಜಲ್ಲಿ ಎದ್ದು ನಿಂತಿತ್ತು. ಒಳಮೈಗೆ ಯಾರು ಗಾರೆ ಮಾಡುತ್ತಾರೆ? ಬಾಗಿಲಿಗೆ ಬಂದವರ ಪಾದವನ್ನೆಲ್ಲ ನೋಡಿದ ಸರಸಮ್ಮ ಆ ಗವಿಯೊಳಗೆ ಒಂದು ಸಲ ಕೈಯಾಡಿಸಿ ನೋಡಿರಲಿಲ್ಲ. ತಾವೇ ಕಟ್ಟಿಸಿದ್ದಲ್ಲವೇ, ಅನುಮಾನವೇ ಬಂದಿರಲಿಲ್ಲ.

ಅವರು ಹಾಗೇ ಒದ್ದೆ ಸೀರೆಯಲ್ಲಿ ಮ್ಯಾನೇಜರ್ ಕೋಣೆಗೆ ಹೋಗಿ ಅಂಗೈ ತೋರಿಸಿದರು. “ಸಾ, ಗಾಯ ಮಾಡಿದ್ದು ಗವಿ. ಗವಿ ಕಟ್ಸಿ ಅಂದೋಳು ನಾನು. ಗಫಾರ್ ಅಲ್ಲ.” ಆಮೇಲೆ ಒಂದು ಮಾತು ಕೇಳಿದರು. ಶಾರ್ಕ್ ಈಗಿರುವ ನೀಲಿ ತೊಟ್ಟಿಗೆ ಇನ್ನು ಗಫಾರ್ ನೀರನ್ನೇ ತುಂಬಿಸಬೇಕು.

“ಇಂಥ ಹೊತ್ತಲ್ಲಿ ಯಾಕೆ ರಿಸ್ಕು?” ಎಂದರು ಲೋಕೇಶ್.

“ಬ್ಯಾರೆ ನೀರ್ನಾಗೆ ಬದುಕ್ಕತು ಅನ್ನಿ. ಜನ ಏನಂತಾರೆ? ಗಫಾರ್ ನೀರು ಬುಟ್ಟಿದ್ಕೇ ಬದುಕ್ತು ಅಂತಾರೆ. ಅಂಗಾದ್ರೆ ಮೀನು ಉಳ್ಕಂತದೆ, ಅವ್ನು ಸಾಯ್ತಾನೆ.”

ಅಸ್ರಾ ಟ್ಯಾಂಕರಿನ ನೀರು ತರಿಸಿ ಪರೀಕ್ಷೆ ಮಾಡಿ, ಸೋಸಿ ಉಪ್ಪು ಬೆರೆಸಿದರೆ ಅಡ್ಡಿಯಿಲ್ಲ ಎಂದರು. ಗಫಾರ್ ಮೊದಲು ಬರುವುದಿಲ್ಲ ಎಂದರಂತೆ. ಸರಸಮ್ಮ ಅವರ ಮನೆಗೇ ಹೋದರು. ಅಲ್ಲಿ ಏನು ಮಾತಾಯಿತು ಎಂದರೆ ಇಬ್ಬರೂ ಹೇಳುವುದಿಲ್ಲ. “ಟೀ ಕುಡ್ದೊ,” ಎನ್ನುತ್ತಾರೆ ಸರಸಮ್ಮ. ಅಷ್ಟೇ.

ಅಂದಿನಿಂದ ನಡೆಯುತ್ತಿರುವುದು ತಾಳ್ಮೆಯ ಕೆಲಸ. ನೀರಿನ ಬಿಸಿಯನ್ನು ಒಂದೇ ಸಲ ಏರಿಸುವಂತಿಲ್ಲ, ದಿನಕ್ಕಿಷ್ಟು ಎಂದು ಏರಿಸಬೇಕು. ಬೇರೆ ಮೀನಿಗೆ ಸುರಿಯುವ ತಾಮ್ರದ ಔಷಧಿ ಶಾರ್ಕಿಗೆ ವಿಷ. ಅದರ ಬಾಟಲಿಯನ್ನು ಸರಸಮ್ಮ ಆ ಕೋಣೆಗೇ ತರಗೊಡುವುದಿಲ್ಲ. ಮೂತಿಯನ್ನಷ್ಟೇ ನೀರಿನಿಂದ ಮೇಲೆತ್ತಿ ಹುಣ್ಣು ಒರೆಸಿ ಔಷಧಿ ಮುಟ್ಟಿಸಬೇಕು. ಬೂಷ್ಟಿನ ಮಾತ್ರೆಯನ್ನು ಅರೆದು ಸೀಗಡಿಯೊಳಗಿಟ್ಟು ಕೊಡಬೇಕು. ಶಾರ್ಕ್ ಸೀಗಡಿ ಮುಟ್ಟದೆ ಇರುವುದರಿಂದ ಅಸ್ರಾ ಬಂದು ಹೊಟ್ಟೆಗೆ ಕೊಳವೆ ಇಳಿಸಿ ಔಷಧಿ ಕೊಡುತ್ತಾರೆ. ಪದೇ ಪದೇ ಹಾಗೆ ಹಿಡಿದು ಹಿಂಸೆ ಮಾಡಿದರೆ ಅದೇ ಅದನ್ನು ಕೊಲ್ಲುತ್ತದೆ ಎಂದೂ ಎಚ್ಚರಿಸಿದ್ದಾರೆ. ತಾನಾಗಿ ತಿಂದರೆ ಉಳಿಯಿತು. ಹಳೆಯ ಗವಿ ಹಿತ್ತಲಿನಲ್ಲಿ ಒಡೆದು ಬಿದ್ದಿದೆ. ಈಗ ತೊಟ್ಟಿಯಲ್ಲಿರುವುದು ಒಂದು ದಪ್ಪ ಪೈಪಿನ ತುಂಡು. ಅದರ ಒಳಮೈಯನ್ನು ಸರಸಮ್ಮ ದಿನವೂ ಸವರಿ ನೋಡುತ್ತಾರೆ.

ಬಂಡೆಗಳಿಗೆ ಬಿಸಿಲು ಬಿದ್ದಿದೆ. ಹೊರಗೆ ಟ್ಯಾಂಕರ್ ನಿಂತ ಸದ್ದು. ಗಫಾರ್ ಬಾಗಿಲಿಗೆ ಬಂದು, ಯಾರೂ ಹೇಳುವ ಮೊದಲೇ ಟ್ರೇಯಲ್ಲಿ ಕಾಲಿಟ್ಟು ನಿಲ್ಲುತ್ತಾರೆ.

“ಟ್ಯಾಂಕು ನೆನ್ನೆ ತೊಳ್ದೆ ಕಣಕ್ಕಾ. ಕೇಳೋಕ್ ಮುಂಚೇನೇ ಯೋಳ್ಬುಟ್ಟೆ.”

“ಕೇಳ್ದ್ನಾ ನಾನು?”

“ನಿನ್ ಮಕ ಕೇಳ್ತದಲ್ಲ!”

ಸರಸಮ್ಮ ಸೀಗಡಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಇಕ್ಕಳದ ತುದಿಯಲ್ಲಿ ಸೀಗಡಿಯ ಚೂರು ಹಿಡಿದು ತೊಟ್ಟಿಯೊಳಕ್ಕೆ ಇಳಿಸುತ್ತಾರೆ. ಶಾರ್ಕಿನ ಮೂತಿಯ ಪಕ್ಕದಲ್ಲಿ ಅದನ್ನು ಮೆಲ್ಲಗೆ ಆಡಿಸುತ್ತಾರೆ. ಶಾರ್ಕ್ ಕದಲುವುದಿಲ್ಲ. ಇಕ್ಕಳ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಕಿವಿರು ಒಂದು ಸಲ ಜೋರಾಗಿ ಬಡಿಯುತ್ತದೆ. ಪಟ್ಟೆ ಬಾಲ ಒಂದಿಷ್ಟು ಹೊರಳುತ್ತದೆ. ತಟಕ್ಕನೆ ಶಾರ್ಕ್ ಚೂರನ್ನು ಕಚ್ಚಿಕೊಂಡು, ಉಗುಳಿಬಿಡುತ್ತದೆ.

ಗಫಾರ್ ಹಣೆ ಚಚ್ಚಿಕೊಳ್ಳುತ್ತಾರೆ. ಸರಸಮ್ಮ ಇಕ್ಕಳವನ್ನು ಹಿಂದೆಗೆಯುವುದಿಲ್ಲ. ಉಗುಳಿದ ಚೂರನ್ನೇ ಹಿಡಿದು ಮತ್ತೆ ಮೂತಿಯ ಬಳಿ ಇಡುತ್ತಾರೆ. ಈ ಸಲ ಕಚ್ಚಿದ್ದು ಹೊರಗೆ ಬರುವುದಿಲ್ಲ. ಗಂಟಲು ಒಮ್ಮೆ ಉಬ್ಬಿ ಇಳಿಯುತ್ತದೆ.

“ನುಂಗ್ತು ಕಣಕ್ಕಾ! ನುಂಗ್ತು!”

“ಸುಮ್ಕಿರ್‍ಲಾ, ಎದರ್‍ಕಂಡು ಕಕ್ಕಿಬುಟ್ಟಾತು.”

ಇನ್ನೊಂದು ಚೂರು. ಅದನ್ನೂ ನುಂಗುತ್ತದೆ. ಗಫಾರ್ ಬಾಯಿಗೆ ಟವಲು ಅಡ್ಡ ಹಿಡಿದು ನಿಂತಿದ್ದಾರೆ. ಸರಸಮ್ಮ ಇಕ್ಕಳ ತೊಳೆದು ಮೊಳೆಗೆ ತೂಗುಹಾಕಿ, ಕೈ ಒರೆಸಿಕೊಂಡು, ಪತ್ರಿಕೆಗೆ ಬರೆಯಲು ಬಂದವರ ಕಡೆಗೆ ತಿರುಗುತ್ತಾರೆ. ಕಣ್ಣಿನಲ್ಲಿ ಅದೇ ಅನುಮಾನ.

“ನೋಡಿ, ನಾನು ಅದ್ನ ಬದುಕಿಸ್ದೆ ಅಂತ ಬರೀಬ್ಯಾಡಿ. ಬದುಕ್ತು ಅಂತಾನೂ ಬ್ಯಾಡ, ಅದು ಅದ್ಕೇ ಗೊತ್ತು. ತಿಂತು ಅಂತ ಬರೀರಿ. ಗಫಾರ್ ನೀರ್ನಾಗೆ ತಿಂತು. ಅಷ್ಟು ಬರುದ್ರೆ ಸಾಕು.”